ಬಿಳಿ ಕೋಟಿನೊಳಗಿನ ಅಪ್ಪ

ಐಮೌತ್
ಫೆಬ್ರವರಿ 24

ಪ್ರೀತಿಯ ರೋನಾ,

ಕೆಳಗೆ ಸಹಿ ಮಾಡಿರುವ ನಿನಿಯನ್ ಪರ್ವಿಸ್ ಎಂಬ ನಾನು, ವೃತ್ತಿಯಿಂದ ನಿವೃತ್ತ, ಯಾರ ಬಲವಂತಕ್ಕೂ ಒಳಗಾಗದೆ, ಸ್ವಸ್ಥಚಿತ್ತನಾಗಿ ಒಪ್ಪಿಕೊಳ್ಳುವುದೇನೆಂದರೆ: ನಿನ್ನೆ ಗುರುವಾರ ಬೆಳಿಗ್ಗೆ ನಿನ್ನ ಶೆಡ್ಡಿನ ಮೊಳೆಗೆ ನೇತುಹಾಕಿದ್ದ ಬಿಳಿ ಕೋಟು ಒಂದು, ಬಿಳಿ ಟೋಪಿ ಒಂದು, ಇವನ್ನು ಕದ್ದಿದ್ದೇನೆ. ಕದ್ದ ಮಾಲನ್ನು ಧರಿಸಿಕೊಂಡೇ ನಿನ್ನ ಮೀನಿನ ವ್ಯಾನನ್ನೂ ಹಾರಿಸಿಕೊಂಡು ಹೋಗಿದ್ದೇನೆ. ಎದೆಯ ಮೇಲೆ ನೀಲಿ ದಾರದಲ್ಲಿ ‘ರೋನಾ’ ಎಂದು ಹೊಲಿದಿರುವುದರಿಂದ ವೇಷ ಮರೆಸಿಕೊಂಡ ಆರೋಪವನ್ನೂ ಸೇರಿಸಿಕೋ. ಕೋರ್ಟಿಗೆಳೆದರೂ ಕೋಟು ಬಿಚ್ಚುವವನಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ಜೊತೆ ಮಾತಾಡಿದಾಗಲೆಲ್ಲ ನಿನ್ನ ರಕ್ತದೊತ್ತಡ ಏರುತ್ತದೆಂದು ಪತ್ತೆಹಚ್ಚಿ ಆಸ್ಪತ್ರೆಯ ಸೂಲಗಿತ್ತಿ ನನ್ನ ಫೋನಿಗೇ ಬಹಿಷ್ಕಾರ ಹಾಕಿದ್ದಾಳಲ್ಲ. ನನ್ನನ್ನು ಕೇಳಿದರೆ ಅದು ರಕ್ತದೊತ್ತಡವಲ್ಲ, ರಕ್ತಸಂಬಂಧದ ಒತ್ತಡ. ಅದಕ್ಕೆ ಮಾತ್ರೆ ಇನ್ನೂ ಬಂದಿಲ್ಲ.

ನೀನು ಅಬರ್ಡೀನಿನಲ್ಲಿ ಅತ್ತೆಯ ಮನೆಯಲ್ಲಿ ಕಾಲು ಮೇಲೆತ್ತಿ ಮಲಗಿರುವಾಗ ನಾನಿಲ್ಲಿ ಮೀನಮೇಷ ಎಣಿಸುತ್ತ ಕೂರಲಾದೀತೇ? ಮೇಷವನ್ನು ಬಿಟ್ಟು ಮೀನನ್ನಷ್ಟೇ ಎಣಿಸಿದೆ. ಮೂರು ವಾರ ವ್ಯಾನು ತಪ್ಪಿದರೆ ಆ ಊರು ಬೇರೆಯವನ ಪಾಲು ಎಂಬ ನಿಯಮವನ್ನು ನನಗೆ ಕಲಿಸಿದವಳೇ ನೀನು. ಕರ್ಕ್‌ರಿಗ್ ಊರಿಗೆ ಇನ್ನೊಬ್ಬ ಮೀನು ಮಾರುವವನು, ಆ ನೀಲಿ ವ್ಯಾನಿನವನು, ಆಗಲೇ ಬುಧವಾರ ಬಂದು ಹೋಗತೊಡಗಿದ್ದಾನೆ. ವಾರವಾರ ಊರೂರಿಗೆ ಮೀನು ಒಯ್ದು ನೀನು ಐದು ವರ್ಷ ಕಟ್ಟಿದ ಸುತ್ತು, ಒಂದು ಬಸಿರಿನಲ್ಲಿ ಕೊಚ್ಚಿಹೋಗಬಾರದು.

ಎಲ್ಲ ನೀನು ಹೇಳಿದ್ದಂತೆಯೇ ಇತ್ತು. ಮನೆ ಮುಂದಿನ ಕಲ್ಲುಗೋಡೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಬಟ್ಟೆ. ಯಾರೂ ಹೊರಗೆ ಬರುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ. ಬಟ್ಟೆ ಎತ್ತಿ ದುಡ್ಡು ತೆಗೆದು ಮೀನಿಟ್ಟು ಹಾರನ್ ಹೊಡೆದು ಮುಂದಕ್ಕೆ. ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದರೂ ಇಷ್ಟು ಮೌನವಾದ ಮಾರುಕಟ್ಟೆಯನ್ನು ನಾನು ನೋಡಿರಲಿಲ್ಲ.

ಮುಳ್ಳು ಬಿಡಿಸಿದ್ದು ಯಾರು ಎಂದು ಕೇಳುವೆಯಾ? ನಾನೇ! ಈ ಬಂದರಿನಲ್ಲೇ ಅತಿ ಚುರುಕು ಚಾಕಿನವಳೆಂದು ಹೆಸರಾಗಿದ್ದ ಕರ್ಸ್ಟಿ ಪರ್ವಿಸಳ ಮಗನಲ್ಲವೇ? ನಮ್ಮ ಬೀದಿಯ ಹುಡುಗರೆಲ್ಲ ದೋಣಿ ಹತ್ತಿದರು, ನಾನೊಬ್ಬ ಕಾಲೇಜಿನ ಮೆಟ್ಟಿಲು ಹತ್ತಿದೆ. ಅಮ್ಮ ನನ್ನ ತಲೆ ನೋಡಿ ಓದಿಗೆ ಆರಿಸಿದ್ದು. ತಲೆ ಕಾಲೇಜಿಗೆ ಹೋಯಿತು. ಕೈ ಮಾತ್ರ ಅಮ್ಮನದೇ ಉಳಿಯಿತು.

ಶಿಕ್ಷೆ ಏನೆಂದು ತಿಳಿಸು.

ನಿನ್ನ ಕೋಟುಗಳ್ಳ,
ಅಪ್ಪ


ಅಬರ್ಡೀನ್
ಮಾರ್ಚ್ 1

ಅಪ್ಪಾ,

ಕೋಟು ಕದ್ದಿದ್ದಕ್ಕೆ ಕ್ಷಮೆ ಉಂಟು. ಕೋಟಿನ ಮೇಲಿರೋ ಹೆಸರಿಗೆ ಇಲ್ಲ.

ಸ್ವಲ್ಪ ಗಂಭೀರವಾಗಿ ಓದು. ನನಗೆ ಸಂಬಳದ ರಜೆ ಕೊಡುವ ಧಣಿ ಯಾರೂ ಇಲ್ಲ. ನನ್ನ ಧಣಿ ನಾನೇ, ಆಳೂ ನಾನೇ. ಇಷ್ಟು ವರ್ಷ ರಾಷ್ಟ್ರೀಯ ವಿಮೆಗೆ ತಪ್ಪದೆ ಕಂತು ಕಟ್ಟಿದ್ದೇನೆ. ನೀನು ಈಗಲೂ ‘ಸ್ಟ್ಯಾಂಪು’ ಅಂತೀಯಲ್ಲ, ಅದೇ. ಅದಕ್ಕೇ ನನಗೆ ಹೆರಿಗೆ ಭತ್ಯೆ ಸಿಕ್ಕಿರುವುದು. ಅದರ ಶರತ್ತು ಒಂದೇ: ಭತ್ಯೆ ತೆಗೆದುಕೊಳ್ಳುವ ವಾರಗಳಲ್ಲಿ ನಾನು ನನ್ನ ಕಸುಬು ಮಾಡಬಾರದು. ನಂಟು ಬಿಟ್ಟುಹೋಗದಿರಲಿ ಅಂತ ಹತ್ತು ದಿನ ವಿನಾಯಿತಿ ಇದೆ, ಅಷ್ಟೇ. ಬೇರೆ ಯಾರಾದರೂ ವ್ಯಾನು ಓಡಿಸಿದರೆ ತಪ್ಪಿಲ್ಲ, ಕೇಳಿದ್ದೇನೆ. ಆದರೆ ಓಡಿಸುತ್ತಿರುವುದು ಬೇರೆಯವರು ಅಂತ ಜನರ ಕಣ್ಣಿಗೆ ಕಾಣಬೇಕಲ್ಲ! ನೀನು ನನ್ನ ಕೋಟು, ನನ್ನ ಟೋಪಿ ಹಾಕಿಕೊಂಡು, ಆ ಉದ್ದ ಜುಟ್ಟು ಬಿಟ್ಟುಕೊಂಡು ಹೋದರೆ ದೂರದಿಂದ ಯಾರು ಅಂತ ಅಂದುಕೊಳ್ಳಬೇಕು?

ನಿನ್ನ ಅಳಿಯ ಸ್ಟ್ರುವಾನ್‌ನ ಹಡಗು ರಿಪೇರಿಗೆ ಅಂತ ದಡ ಸೇರಿ ತಿಂಗಳಾಯಿತು. ಕೆಲಸವಿಲ್ಲದ ಹಡಗಿನವನಿಗೆ ಸಂಬಳವೂ ಇಲ್ಲ. ಈ ಮನೆಗೆ ಈಗ ಬರುತ್ತಿರುವುದು ಆ ಭತ್ಯೆ ಒಂದೇ.

ಆದ್ದರಿಂದ ಮುಂದಿನ ಗುರುವಾರದೊಳಗೆ ವ್ಯಾನಿಗೆ ಬೋರ್ಡು ಹಾಕು: ‘ರೋನಾ ವಿಶ್ರಾಂತಿಯಲ್ಲಿದ್ದಾಳೆ, ಮೀನು ತರುತ್ತಿರುವವನು ಅವಳ ಅಪ್ಪ.’ ಪ್ರತಿ ಊರಲ್ಲೂ ಇಳಿದು ಬಾಯಿ ಬಿಟ್ಟು ಹೇಳು. ನಿನಗೆ ಬಾಯಿ ಬಿಡುವುದು ಕಷ್ಟದ ಕೆಲಸ ಅಂತ ಯಾರೂ ನಂಬುವುದಿಲ್ಲ.

ಮಗು ಒದೆಯುತ್ತಿದೆ. ನಿನ್ನ ಕಾಗದ ಓದುವಾಗ ಜಾಸ್ತಿ.

ರೋನಾ


ಐಮೌತ್
ಮಾರ್ಚ್ 17

ಪ್ರೀತಿಯ ರೋನಾ,

ನಿನ್ನ ಕಾಗದ ಓದಿ ತಿಳಿದದ್ದು: ತೆರಿಗೆಗೂ ಹೆರಿಗೆಗೂ ನಡುವೆ ಇರುವುದು ಒಂದೇ ಅಕ್ಷರ. ಎರಡರಲ್ಲೂ ನೋವು ನಮ್ಮದು, ರಸೀದಿ ಸರ್ಕಾರದ್ದು.

ವ್ಯಾಪಾರದ ವರದಿ ಹೇಳುತ್ತೇನೆ, ಕೇಳಿ ಸುಖವಾಗಿ ನಿದ್ದೆ ಮಾಡು. ನಾಲ್ಕು ಗುರುವಾರ, ನಾಲ್ಕು ಸಲವೂ ವ್ಯಾನು ಖಾಲಿ! ಒಂದು ಬಾಲ ಕೂಡ ವಾಪಸು ಬಂದಿಲ್ಲ. ಬೇಡಿಕೆ ಎಂಬುದು ಬೇಡಿಕೊಂಡರೆ ಬರುವುದಲ್ಲ, ಗುಣದಿಂದ ಬರುವುದು ಎಂದು ಮೂವತ್ತು ವರ್ಷ ಹುಡುಗರಿಗೆ ಬೊಗಳಿದ್ದು ಈಗ ನನಗೇ ಅರ್ಥವಾಯಿತು.

ಕರ್ಕ್‌ರಿಗ್‌ನ ಜೆಸ್ಸಿ ಡಾಡ್ಸ್ ಗೊತ್ತಲ್ಲ, ನಿನ್ನ ಹಳೆಯ ಗಿರಾಕಿ? ತಟ್ಟೆಯಿಟ್ಟು ಒಳಗೆ ಕೂರುವವಳು ನಿನ್ನೆ ಗೇಟಿನವರೆಗೂ ಬಂದಳು. ನನ್ನ ಮುಖವನ್ನು ಟೋಪಿಯ ಕೆಳಗಿನಿಂದ ಬಗ್ಗಿ ನೋಡಿದಳು.

“ನಿನಿಯನ್ನೇ ಅಲ್ವೇನ್ರೀ ನೀವು?” ಎಂದಳು. “ಹೋದ ವಾರದ ಹ್ಯಾಡಕ್ ಮೀನಿನ ಮುಳ್ಳು ಬಿಡಿಸಿದ್ದು ಯಾರು?”

“ನಾನೇ,” ಎಂದೆ.

“ಅದೇ ಅಂದ್ಕೊಂಡೆ. ರೋನಾ ಜನ್ಮದಲ್ಲಿ ಹೀಗೆ ಬಿಡ್ಸಿದವಳಲ್ಲ.”

“ಅಮ್ಮನ ಕೈ,” ಎಂದೆ ವಿನಯದಿಂದ. ಅವಳು ಏನೋ ಹೇಳಹೊರಟು, ಸುಮ್ಮನೆ ಎರಡು ಹೋಳು ಹೆಚ್ಚಿಗೆ ತೆಗೆದುಕೊಂಡಳು.

ಬೋರ್ಡು ಪರಿಶೀಲನೆಯಲ್ಲಿದೆ. ‘ವಿಶ್ರಾಂತಿ’ ಎಂದು ಬರೆದರೆ ಸತ್ತೇಹೋದೆ ಎಂದುಕೊಂಡಾರು, ‘ಬಸುರಿ’ ಎಂದು ಬರೆದರೆ ಮೀನು ಬಸುರಿಯೋ ಎಂದು ಕೇಳಿಯಾರು. ಒಳ್ಳೆಯ ಮಾತು ಹುಡುಕುತ್ತಿದ್ದೇನೆ. ಗಾಳಿ ಬಹಳ ಚಳಿ. ಮೂಗಿನವರೆಗೂ ಮಫ್ಲರ್ ಸುತ್ತಿಕೊಂಡೇ ಓಡಾಡುತ್ತೇನೆ, ನನ್ನ ಆರೋಗ್ಯದ ಚಿಂತೆ ಬೇಡ.

ಯಶಸ್ವೀ ವ್ಯಾಪಾರಿ,
ಅಪ್ಪ


ಅಬರ್ಡೀನ್
ಮಾರ್ಚ್ 29

ಅಪ್ಪಾ,

ಭತ್ಯೆ ನಿಲ್ಲಿಸಿದ್ದಾರೆ.

ಇಲಾಖೆಯಿಂದ ಕಾಗದ ಬಂತು. ನಾನು ಪ್ರತಿ ಗುರುವಾರ ಬಿಳಿ ಕೋಟು, ಟೋಪಿ ಹಾಕಿಕೊಂಡು, ಗುರುತು ಸಿಗದ ಹಾಗೆ ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಹಳ್ಳಿಹಳ್ಳಿಯಲ್ಲಿ ಮೀನು ಮಾರುತ್ತಿದ್ದೇನಂತೆ. ನೋಡಿದವರು ಯಾರೋ ಫೋನ್ ಮಾಡಿ ಹೇಳಿದ್ದಾರೆ. ವಿಚಾರಣೆ ಮುಗಿಯುವ ತನಕ ಏನೂ ಬರುವುದಿಲ್ಲ. ಸುಳ್ಳು ಹೇಳಿ ತೆಗೆದುಕೊಂಡೆ ಅಂತ ತೀರ್ಮಾನವಾದರೆ ಬಂದಿದ್ದನ್ನೂ ಹಿಂದಕ್ಕೆ ಕೊಡಬೇಕು.

‘ಗುರುತು ಸಿಗದ ಹಾಗೆ.’ ಆ ಮಾತು ಮೂರು ಸಲ ಓದಿದೆ. ಬೋರ್ಡು ಎಲ್ಲಿ ಅಪ್ಪಾ?

ನಾನಿಲ್ಲಿ ಮಲಗಿದ್ದೇನೆ. ಕಾಲು ಊದಿ ಚಪ್ಪಲಿ ಹಿಡಿಯುವುದಿಲ್ಲ. ಸೂಲಗಿತ್ತಿ ದಿನಾ ಬಂದು ಒತ್ತಡ ನೋಡಿ ಮುಖ ಬಿಗಿ ಮಾಡಿಕೊಂಡು ಹೋಗುತ್ತಾಳೆ. ಮೇಲೆ ಏಳಬೇಡ, ಏರಿದರೆ ಮಗುವಿಗೂ ನಿನಗೂ ಇಬ್ಬರಿಗೂ ಅಪಾಯ ಅಂತ ನೇರವಾಗಿ ಹೇಳಿದ್ದಾಳೆ. ಮಲಗಿರುವ ನಾನು ಕಳ್ಳಿ.

ಅತ್ತೆ ನನಗೆ ಕೇಳಿಸದಿರಲಿ ಅಂತ ಅಡುಗೆಮನೆಯಲ್ಲಿ ಮೆಲ್ಲಗೆ ಸ್ಟ್ರುವಾನ್‌ನನ್ನು ಕೇಳುತ್ತಾರೆ, ಈ ತಿಂಗಳು ಹೇಗೆ ಅಂತ. ನನಗೆ ಕೇಳಿಸುತ್ತದೆ.

ಸೋಮವಾರದ ರೈಲಿಗೆ ಬರುತ್ತೇನೆ. ದುಡಿಯುತ್ತಿದ್ದಾಳೆ ಅಂತ ಬರೆದುಕೊಂಡಾಗಿದೆಯಲ್ಲ, ದುಡಿದೇ ಬಿಡುತ್ತೇನೆ. ವ್ಯಾನಿನ ಕೀಲಿ ಮೊಳೆಗೆ ಹಾಕಿಡು.

ರೋನಾ


ಐಮೌತ್
ಮಾರ್ಚ್ 31

ರೋನಾ,

ಬರಬೇಡ. ಈ ಕಾಗದ ಶನಿವಾರ ನಿನ್ನ ಕೈಸೇರಲಿ ಎಂದು ಅಂಚೆ ಕಚೇರಿಯ ಬಾಗಿಲಲ್ಲೇ ನಿಂತು ಬರೆಯುತ್ತಿದ್ದೇನೆ. ನಿಷೇಧ ಮುರಿದು ಫೋನ್ ಮಾಡಿದೆ. ನಿಮ್ಮತ್ತೆ ಎತ್ತಿ, ನಾನು ‘ಹಲೋ’ ಎನ್ನುವ ಮೊದಲೇ ಇಟ್ಟರು. ಸರಿಯಾಗಿಯೇ ಮಾಡಿದರು.

ಬೋರ್ಡು ಇಲ್ಲ. ಎಂದೂ ಇರಲಿಲ್ಲ. ಜೆಸ್ಸಿ ತಾನಾಗಿ ಗುರುತು ಹಿಡಿದು ಕೇಳಿದ್ದು ಬಿಟ್ಟರೆ ಯಾವ ಊರಲ್ಲೂ ನಾನು ಬಾಯಿ ಬಿಡಲಿಲ್ಲ. ಚಳಿಗೆ ಮಫ್ಲರ್ ಎಂದದ್ದು ಸುಳ್ಳು. ಆ ಹಳ್ಳಿಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ, ಅವರ ಅಪ್ಪ ಅಮ್ಮ ಇದ್ದಾರೆ. ಪರ್ವಿಸ್ ಮೇಷ್ಟ್ರು ಮೀನು ಮಾರಲು ಬಂದರು ಎನ್ನಿಸಿಕೊಳ್ಳಲು ನಾಚಿಕೆಯಾಯಿತು. ನಿನ್ನಜ್ಜಿ ಬೆನ್ನ ಮೇಲೆ ಬುಟ್ಟಿ ಹೊತ್ತು ನಡೆದ ದಾರಿಯಲ್ಲಿ ನಾನು ಮುಖ ಮುಚ್ಚಿಕೊಂಡು ಹೋದೆ. ಮೀನಿನ ಹೆಜ್ಜೆಯನ್ನು ಯಾರೂ ಕಾಣರು ಎನ್ನುತ್ತಾರೆ. ನನ್ನದನ್ನೂ ಕಾಣರು ಎಂದುಕೊಂಡೆ. ಕಂಡರು, ನಿನ್ನದೆಂದು ತಿಳಿದರು.

ಇಲಾಖೆಗೆ ಹೋಗಿ ಎಲ್ಲ ಹೇಳಿದ್ದೇನೆ. ಅಪ್ಪ ಮಗಳ ಪರ ಮಾತಾಡುವುದು ಸಾಕ್ಷಿಯಾಗುವುದಿಲ್ಲವಂತೆ. ಹದಿಮೂರನೆಯ ತಾರೀಕು ಒಬ್ಬ ಅಧಿಕಾರಿ ಕರ್ಕ್‌ರಿಗ್‌ನ ಊರ ಹಾಲ್‌ಗೇ ಬಂದು ಗಿರಾಕಿಗಳನ್ನೂ ನನ್ನನ್ನೂ ವಿಚಾರಿಸುತ್ತಾರೆ.

ಕೀಲಿ ಮೊಳೆಯ ಮೇಲಿಲ್ಲ. ನನ್ನ ಜೇಬಿನಲ್ಲಿದೆ. ನೀನು ಬಂದರೂ ಕೊಡುವುದಿಲ್ಲ.

ಅಪ್ಪ


ಅಬರ್ಡೀನ್
ಏಪ್ರಿಲ್ 4

ಬೀಗರೇ,

ನಾನು ವಿಲ್ಮಾ ಡುಥಿ. ಬರೆದು ಅಭ್ಯಾಸವಿಲ್ಲ.

ನಿಮ್ಮ ಕಾಗದ ಶನಿವಾರ ಬರಲಿಲ್ಲ, ಸೋಮವಾರ ಮಧ್ಯಾಹ್ನ ಬಂತು. ಅಷ್ಟರಲ್ಲಿ ಅವಳು ನನಗೂ ಮಗನಿಗೂ ಹೇಳದೆ ಸ್ಟೇಷನ್ನಿಗೆ ಹೋಗಿದ್ದಳು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಸಿದಳಂತೆ. ಕಣ್ಣ ಮುಂದೆ ಮಿಂಚು ಮಿಂಚು ಅಂದಳಂತೆ. ಪುಣ್ಯಾತ್ಮರು ಯಾರೋ ಆಂಬುಲೆನ್ಸ್ ಕರೆದರು.

ಆಸ್ಪತ್ರೆಯಲ್ಲಿದ್ದಾಳೆ. ಕೋಣೆಯ ದೀಪ ಕೂಡ ಮಂಕು ಮಾಡಿದ್ದಾರೆ. ಒತ್ತಡ ಇಳಿಯದಿದ್ದರೆ ಕಾಯುವುದಿಲ್ಲ, ಮಗುವನ್ನು ತೆಗೆಯುತ್ತೇವೆ ಎಂದಿದ್ದಾರೆ. ಇನ್ನೂ ದಿನ ತುಂಬಿಲ್ಲ.

ಆ ಭತ್ಯೆ ಬಂತಾ ಅಂತ ನಿದ್ದೆಗಣ್ಣಿನಲ್ಲೂ ಕೇಳುತ್ತಾಳೆ. ಬರುತ್ತದೆ ಅಂತ ಸುಳ್ಳು ಹೇಳಿದ್ದೇನೆ. ನನ್ನ ಸುಳ್ಳನ್ನು ನೀವು ನಿಜ ಮಾಡಿ. ಆಮೇಲೆ ಬೇಕಾದರೆ ಮಾತಾಡೋಣ.

ವಿಲ್ಮಾ


ಐಮೌತ್
ಏಪ್ರಿಲ್ 14

ಪ್ರೀತಿಯ ರೋನಾ,

ನಿನಗೆ ಓದಿ ಹೇಳಬಹುದೆಂದು ವೈದ್ಯರು ಒಪ್ಪಿದರೆ ಮಾತ್ರ ಓದಲಿ ಎಂದು ನಿಮ್ಮತ್ತೆಗೆ ಬರೆದಿದ್ದೇನೆ.

ನಿನ್ನೆ ವಿಚಾರಣೆ ನಡೆಯಿತು. ಅಧಿಕಾರಿಯ ಹೆಸರು ಮಿಸ್ ಪ್ರಿಂಗಲ್. ನಿನ್ನ ವಯಸ್ಸಿನವಳು. ಬರುವಾಗ ಪೇಟೆಯಿಂದ ಒಂದು ಇಡೀ ಹ್ಯಾಡಕ್ ಮೀನನ್ನು ಚೀಲದಲ್ಲಿ ತಂದಿದ್ದಳು. ನಾನು ಮಫ್ಲರ್ ಇಲ್ಲದೆ ಹೋಗಿದ್ದೆ. ಜೆಸ್ಸಿ ಡಾಡ್ಸ್ ಮತ್ತು ಅವಳ ಪಕ್ಕದ ಮನೆಯ ನ್ಯಾನ್ಸಿ ಟೇಟ್ ಸಾಕ್ಷಿ ಹೇಳಲು ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದರು.

“ಮಿಸ್ಟರ್ ಪರ್ವಿಸ್, ನೀವು ಕಾಲೇಜಲ್ಲಿ ಪಾಠ ಹೇಳಿದವ್ರು,” ಎಂದಳು ಅಧಿಕಾರಿ. “ಕಸುಬಿನ ಮೀನಿನವಳ ಗಿರಾಕಿಗಳ ತಟ್ಟೆಗಳನ್ನ ಇಷ್ಟು ವಾರ ತುಂಬ್ಸಿದ್ದು ನೀವೇ ಅಂತೀರಿ. ವ್ಯಾನು ಪ್ರತಿ ಸಲ ಖಾಲಿ ಆಗ್ತಿತ್ತು ಅಂತೀರಿ. ಕೆಲಸ ಬಾರದವ್ರ ಹತ್ರ ಜನ ಕೊಳ್ತಾರಾ?”

“ನನಗೆ ಕೆಲಸ ಬರುತ್ತೆ,” ಎಂದೆ.

“ಹಾಗಾದ್ರೆ ಒಂದು ಬಿಡ್ಸಿ ತೋರ್ಸಿ.”

ಹಲಗೆಯ ಮೇಲೆ ಮೀನನ್ನಿಟ್ಟು ಚಾಕು ನನ್ನ ಕಡೆ ತಿರುಗಿಸಿದಳು. ರೋನಾ, ಆಗ ನನಗೆ ಎಲ್ಲ ಸ್ಪಷ್ಟವಾಯಿತು. ಚೆನ್ನಾಗಿ ಬಿಡಿಸಿದರೆ ಮಾರಿದವನು ನಾನು. ಕೆಡಿಸಿದರೆ ಮಾರಿದವಳು ನೀನು. ನಿನ್ನ ಭತ್ಯೆ ಹೋಯಿತು, ಮಾನವೂ ಹೋಯಿತು. ಮೀನಿನ ಕಣ್ಣು ನನ್ನನ್ನೇ ನೋಡುತ್ತಿತ್ತು. ಅಷ್ಟೊಂದು ವಿದ್ಯಾರ್ಥಿಗಳ ಮುಂದೆ ನಿಂತವನಿಗೆ ಒಂದು ಸತ್ತ ಮೀನಿನ ಮುಂದೆ ಪರೀಕ್ಷೆ ಬಂದಿತ್ತು.

ಚಾಕು ಎತ್ತಿಕೊಂಡೆ.

ಮುಂದಿನದನ್ನು ಈಗ ಬರೆಯಲಾರೆ. ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜು, ಇಷ್ಟನ್ನೇ ಎಡಗೈಯಲ್ಲಿ ಬರೆದಿದ್ದೇನೆ. ತೀರ್ಮಾನವನ್ನು ನಿನಗೇ ತಿಳಿಸುತ್ತಾರಂತೆ. ಅವಳ ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

ಅಪ್ಪ


ಅಬರ್ಡೀನ್
ಏಪ್ರಿಲ್ 25

ಅಪ್ಪಾ,

ಮೊದಲು ಮೊಮ್ಮಗಳು. ಶುಕ್ರವಾರ ಹುಟ್ಟಿದಳು. ಚಿಕ್ಕವಳು, ಬೆಚ್ಚನೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದಾರೆ. ಉಸಿರು ಅವಳದೇ, ಯಂತ್ರದ್ದಲ್ಲ. ಎರಡು ದಿನ ಅದೊಂದನ್ನೇ ನೋಡುತ್ತ ಕೂತಿದ್ದೆ. ನನ್ನ ಒತ್ತಡ ಇಳಿಯುತ್ತಿದೆ, ನಿನ್ನೆಯಿಂದ ಮಲಗಲು ಮನೆಗೆ ಬಿಡುತ್ತಿದ್ದಾರೆ. ಸ್ಟ್ರುವಾನ್ ಗಾಜಿನ ಹತ್ತಿರ ನಿಂತು ಹಾಡು ಹೇಳುತ್ತಾನೆ, ನರ್ಸುಗಳು ಬೇಡ ಅನ್ನುತ್ತಾರೆ.

ಇಲಾಖೆಯ ಕಾಗದ ನಿನ್ನೆ ಬಂತು. ತಡೆ ತೆಗೆದಿದ್ದಾರೆ. ನಿಂತ ವಾರಗಳದ್ದೂ ಸೇರಿ ಬರುತ್ತದೆ. ಅತ್ತೆ ಅದನ್ನು ಓದಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರು. ನನಗೆ ಕೇಳಿಸಿತು.

ನಿನ್ನ ಮೇಲೆ ಸಿಟ್ಟು ಇನ್ನೂ ಇದೆ. ಆ ಮಫ್ಲರ್ ಸುಟ್ಟುಹಾಕು.

ಆದರೆ ಚಾಕು ಹಿಡಿದು ಅಧಿಕಾರಿಯ ಮುಂದೆ ನಿಂತೆಯಲ್ಲ, ಅದಕ್ಕೆ ಏನು ಹೇಳಬೇಕೋ ಗೊತ್ತಿಲ್ಲ. ಅಜ್ಜಿಯ ಕೈ ನಿಜವಾಗಿಯೂ ನಿನಗೆ ಬಂದಿರಬೇಕು. ಅಧಿಕಾರಿ ಅಷ್ಟು ಬೇಗ ನಂಬಬೇಕಾದರೆ ಎಷ್ಟು ಚೆನ್ನಾಗಿ ಬಿಡಿಸಿದೆಯೋ! ಇವಳು ದೊಡ್ಡವಳಾದ ಮೇಲೆ ಹೇಳುತ್ತೇನೆ: ನಿಮ್ಮಜ್ಜನಿಗೆ ತಲೆಯೂ ಇತ್ತು, ಕೈಯೂ ಇತ್ತು ಅಂತ.

ಫೋನ್ ಮಾಡಬಹುದಂತೆ. ಐದು ನಿಮಿಷ ಮಾತ್ರ. ಜೋಕು ಹೇಳುವುದಾದರೆ ಮೂರು.

ರೋನಾ


ಐಮೌತ್
ಏಪ್ರಿಲ್ 28

ಪ್ರೀತಿಯ ರೋನಾ,

ಫೋನಿನಲ್ಲಿ ಅವಳ ಅಳು ಕೇಳಿದ ಮೇಲೆ ನನ್ನ ಐದು ನಿಮಿಷವೂ ಅದರಲ್ಲೇ ಮುಗಿಯಿತು. ಅದೇ ಸರಿ. ಹೇಳಬೇಕಾದ್ದನ್ನು ಬಾಯಲ್ಲಿ ಹೇಳಲು ನನಗೆ ಧೈರ್ಯವೂ ಇರಲಿಲ್ಲ. ಮಗುವಿಗೆ ತಪ್ಪು ಇತಿಹಾಸ ಹೋಗಬಾರದೆಂದು ಬರೆಯುತ್ತಿದ್ದೇನೆ.

ಹಲಗೆಯ ಮೇಲೆ ನಾನು ಮಾಡಿದ್ದನ್ನು ಮುಳ್ಳು ಬಿಡಿಸುವುದು ಎಂದು ಕರೆಯಲಾಗದು. ಮೀನು ಒಂದು ಕಡೆ, ಮುಳ್ಳು ಎಲ್ಲ ಕಡೆ. ಚರ್ಮ ನನ್ನ ತೋಳಿಗಂಟಿತ್ತು. ರಕ್ತ ಮಾತ್ರ ಅಪ್ಪಟ ನನ್ನದು. ಮಿಸ್ ಪ್ರಿಂಗಲ್ ಕಣ್ಣು ಮುಚ್ಚಿಕೊಂಡು, ಹೊರಗಿದ್ದ ಇಬ್ಬರನ್ನೂ ಕರೆದಳು. ಎಲ್ಲ ಮುಗಿಯಿತು ಎಂದುಕೊಂಡೆ. ಜೆಸ್ಸಿ ಒಳಗೆ ಕಾಲಿಟ್ಟವಳೇ ಹಲಗೆ ನೋಡಿ ಕಿರುಚಿದಳು.

“ಅದೇ! ಅದೇ ನೋಡಮ್ಮ! ಫೆಬ್ರವರಿಯಿಂದ ನಮ್ಮ ತಟ್ಟೆಗೆ ಬೀಳ್ತಿರೋದು ಇದೇ!”

“ಇದು ಮೀನೋ ಇಲ್ಲಾ ಅಪಘಾತವೋ ಅಂತ ನಮ್ಮನೆಯವರು ಕೇಳಿದ್ರು,” ಎಂದಳು ನ್ಯಾನ್ಸಿ.

“ರೋನಾ ಬಿಡಿಸಿದ್ರೆ ಕುರುಡನೂ ಕಣ್ಮುಚ್ಚಿ ತಿನ್ನಬೌದು. ಇವ್ರು ಬಿಡ್ಸಿದ್ದನ್ನ ನನ್ನ ಬೆಕ್ಕು ಕೂಡ ಮೊದಲು ನನ್ನ ಮುಖ ನೋಡಿ ಆಮೇಲೆ ಮೂಸುತ್ತೆ.”

“ಮತ್ತೆ ಯಾಕೆ ಕೊಂಡ್ರಿ?” ಎಂದಳು ಅಧಿಕಾರಿ. “ವ್ಯಾನು ಖಾಲಿ ಆಗ್ತಿತ್ತಂತಲ್ಲ?”

ಜೆಸ್ಸಿ ನನ್ನನ್ನೊಮ್ಮೆ ನೋಡಿದಳು. ಅಯ್ಯೋ ಪಾಪ ಎನ್ನುವ ನೋಟ. “ಹುಡುಗಿ ಬಸುರಿ. ಅವಳ ಸುತ್ತು ಉಳೀಬೇಕಲ್ಲಮ್ಮ? ತಿನ್ನೋಕೆ ಬುಧವಾರ ನೀಲಿ ವ್ಯಾನಲ್ಲಿ ಕೊಳ್ತಿದ್ವಿ. ಗುರುವಾರ ಇವ್ರ ಹತ್ರ ಕೊಂಡಿದ್ದೆಲ್ಲ ಬೆಕ್ಕಿಗೆ.”

ಇಷ್ಟೇ ಸಾಕ್ಷಿ. ಕಸುಬಿನವಳ ಕೈ ಆ ಮೀನುಗಳನ್ನು ಮುಟ್ಟಿಲ್ಲವೆಂದು ಬರೆದುಕೊಂಡು ಮಿಸ್ ಪ್ರಿಂಗಲ್ ನನ್ನ ಹೆಬ್ಬೆರಳಿಗೆ ತಾನೇ ಬಟ್ಟೆ ಸುತ್ತಿದಳು. ಈಗ ಜೆಸ್ಸಿಯೇ ವ್ಯಾನಿನಲ್ಲಿ ಕೂತು ಮುಳ್ಳು ಬಿಡಿಸುತ್ತಾಳೆ. ನನಗೆ ಸ್ಟೇರಿಂಗು ಮತ್ತು ಹಾರನ್ ಮಾತ್ರ.

ಇನ್ನು ಅಜ್ಜಿ ನನ್ನ ತಲೆ ನೋಡಿ ಆರಿಸಿದ ವಿಷಯ. ನಿಮ್ಮಮ್ಮನಿಗೂ ನಾನು ಇದನ್ನು ಹೇಳಿರಲಿಲ್ಲ. ನನಗೆ ಹನ್ನೆರಡು ತುಂಬಿದ ವರ್ಷ ಅಮ್ಮ ಒಂದು ಬುಟ್ಟಿ ಹೆರಿಂಗ್ ಮೀನನ್ನು ನನ್ನ ಮುಂದಿಟ್ಟು, ಚಾಕು ಕೊಟ್ಟು, ಬಾವಿಯ ಕಡೆ ಹೋದಳು. ವಾಪಸು ಬಂದು ಬುಟ್ಟಿ ನೋಡಿದಳು. ನನ್ನ ಕೈ ನೋಡಿದಳು. ಏಪ್ರನ್ ಬಿಚ್ಚದೆಯೇ, ನನ್ನ ಕಿವಿ ಹಿಡಿದು ದರದರ ಎಳೆದುಕೊಂಡು ಹೋಗಿ ಶಾಲೆಯ ಹೆಡ್‌ಮಾಸ್ಟರ ಬಾಗಿಲು ತಟ್ಟಿದಳು.

“ಸಾರ್, ಇವನನ್ನ ಎಷ್ಟು ಬೇಕಾದ್ರೂ ಓದ್ಸಿ,” ಎಂದಳು. “ಇವನು ಇನ್ನೊಂದು ಮೀನು ಮುಟ್ಟಿದ್ರೆ ಮನೆಮಂದಿಯೆಲ್ಲ ಉಪವಾಸ.”

ನಿನ್ನ ಅಪ್ಪ,
ನಿನಿಯನ್